ನಾಲ್ಕನೆಯವನಿಗೆ ಏನೂ ಇಲ್ಲ

ಅವಳನ್ನು ಕೆಲಸದ ಜಾಗದಲ್ಲಿ ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಜಾಗವೆಂದರೆ ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಊರಿನ ದಂತವೈದ್ಯರು ಕಳಿಸುವ ದವಡೆಯ ಅಚ್ಚುಗಳಿಗೆ ಅಲ್ಲಿ ಕಟ್ಟುಹಲ್ಲು ತಯಾರಾಗುತ್ತಿತ್ತು. ಮೊದಲು ಮೇಣದಲ್ಲಿ ಹಲ್ಲಿನ ಆಕಾರ ಕೆತ್ತಬೇಕು, ಅದು ಅವಳ ಕೆಲಸ. ಕೊನೆಯಲ್ಲಿ ಹಲ್ಲಿಗೆ ಹೊಳಪು ಕೊಡಬೇಕು, ಅದು ಪಕ್ಕದ ಮೇಜಿನ ಪಾಲಿಶ್ ಚಿಕ್ಕಮ್ಮನದು. ಚಿಕ್ಕಮ್ಮ ಯಾರಿಗೂ ಚಿಕ್ಕಮ್ಮನಲ್ಲ, ಆದರೆ ಎಲ್ಲರ ಮನೆಯ ವಿಷಯದಲ್ಲೂ ಮೂಗು ತೂರಿಸುವ ಹಕ್ಕನ್ನು ಆ ಹೆಸರಿನ ಜೊತೆಗೇ ಪಡೆದುಕೊಂಡಿದ್ದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಣದಕ್ಕ ನಾಲ್ಕು ತುತ್ತು ನುಂಗಿ, ಕೈ ತೊಳೆದು, ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ಫೋನು ತೆಗೆಯುತ್ತಿದ್ದಳು. ಆಡುತ್ತಿದ್ದುದು ಪೋಕರ್ ಎಂಬ ಇಸ್ಪೀಟಾಟ. ಒಂದೇ ಮೇಜು, ಒಂಬತ್ತು ಜನ, ಪಣಕ್ಕಿಡಲು ಎಲ್ಲರಿಗೂ ಸಮಸಮ ಚಿಪ್ಸ್, ಅಂದರೆ ಬಿಲ್ಲೆಗಳು. ಚಿಪ್ಸ್ ಮುಗಿದವನು ಎದ್ದು ಹೋಗಬೇಕು. ಕೊನೆಗೆ ಉಳಿದ ಮೂವರಿಗೆ ಬಹುಮಾನ. ನಾಲ್ಕನೆಯವನಿಗೆ ಏನೂ ಇಲ್ಲ. ಐದು ಜನರನ್ನು ದಾಟಿ ಬಂದು, ಬಾಗಿಲ ಹತ್ತಿರ ಕಾಲು ಜಾರಿ ಬಿದ್ದ ಆ ನಾಲ್ಕನೆಯವನ ಸಂಕಟ ಒಂಬತ್ತನೆಯವನಿಗೂ ಇರುವುದಿಲ್ಲ. ನಾಲ್ವರು ಉಳಿದಿರುವ ಆ ಹೊತ್ತಿಗೆ ಅವಳ ಗಂಡ ಇಟ್ಟ ಹೆಸರು ಗುಳ್ಳೆ. ಯಾರ ಮೇಲೆ ಒಡೆಯುತ್ತದೋ ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕೂರುವ ಹೊತ್ತು.

ಆಟ ಕಲಿಸಿದವನೂ ಗಂಡನೇ. ಅವನು ಕ್ರೇನ್ ನಡೆಸುವವನು. ಹಿಂದೊಮ್ಮೆ ಪಾದದ ಮೂಳೆ ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದಾಗ ಹೊತ್ತು ಹೋಗಲಿ ಎಂದು ಆಟಕ್ಕೆ ಕೈಹಾಕಿದ. ಹೊತ್ತೇನೋ ಹೋಯಿತು, ಆಟ ಹೋಗಲಿಲ್ಲ. ಅವನಿಗೆ ಪಾಠ ಹೇಳುವ ಚಟ ಬೇರೆ.

"ಕೇಳು ಇಲ್ಲಿ. ಶುರುವಲ್ಲಿ ಸುಮ್ನೆ ಇರ್ಬೇಕು. ಒಳ್ಳೆ ಎಲೆ ಬಂದ್ರೆ ಮಾತ್ರ ಕೈ ಹಾಕು, ಇಲ್ಲಾಂದ್ರೆ ಎಸಿ. ಉಳಿದೋರು ಹೊಡೆದಾಡ್ಕೊಂಡು ಸಾಯ್ಲಿ. ಜನ ಕಮ್ಮಿ ಆದ್ಮೇಲೆ ನಾವು ಇದ್ದಿದ್ದನ್ನೆಲ್ಲ ಪಣಕ್ಕೆ ತಳ್ಬೇಕು. ನಾವು ತಳ್ಳೋದು, ಬೇರೆಯವರು ತಳ್ಳಿದಾಗ ಎಸೆಯೋದು. ತಿಳೀತಾ?"

"ತಿಳೀತು ಮಾರಾಯ, ಆ ಕಾಲು ಸ್ವಲ್ಪ ಆಚೆ ಇಡು, ಗುಡಿಸ್ಬೇಕು," ಎನ್ನುತ್ತಿದ್ದಳು ಅವಳು.

ಗುಡಿಸುತ್ತ ಗುಡಿಸುತ್ತಲೇ ಅಷ್ಟೂ ಅವಳ ತಲೆಗೆ ಹೋಗಿತ್ತು. ಮುಂದೆ ಒಂದು ದಿನ ಯಾರೋ ಕೆಲಸಕ್ಕೆ ಬಾರದ ಎಲೆ ಹಿಡಿದು ಅವನನ್ನು ಸೋಲಿಸಿದಾಗ, ಅವನು ಟೀವಿಯ ರಿಮೋಟನ್ನು ಗೋಡೆಗೆ ಎಸೆದ. ಗೋಡೆಯ ಗಾರೆ ಕಿತ್ತುಬಂತು. ಅವಳು ಒಂದು ಮಾತೂ ಆಡದೆ ಕಸಪೊರಕೆ ತಂದು ಅವನ ಕೈಗೆ ಕೊಟ್ಟಳು. ಆ ಮೌನಕ್ಕೆ ಹೆದರಿ ಅವನು ಅವಳ ಕಣ್ಣೆದುರೇ ಆಟವನ್ನು ಫೋನಿನಿಂದ ಅಳಿಸಿದ. ಗಾಜು ಸೀಳಿದ್ದ ಇನ್ನೊಂದು ಹಳೇ ಫೋನನ್ನು ಮಾರಿಬಿಟ್ಟೆ ಎಂದ. ನಿನ್ನಾಣೆ ಇನ್ನು ಮುಟ್ಟಲ್ಲ ಎಂದ. ಅಷ್ಟು ಹೊತ್ತಿಗಾಗಲೇ ಅವಳ ಫೋನಿನಲ್ಲಿ ಅದೇ ಆಟ ಇತ್ತು. ಗಂಡ ಬಿಟ್ಟಿದ್ದನ್ನು ಹೆಂಡತಿ ಹಿಡಿದಳು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಹೇಳಬೇಕಾದ ದಿನ ಹೇಳಿದರಾಯಿತು ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಕಿಟಕಿಯಾಚೆ ರಸ್ತೆ. ರಸ್ತೆಯಾಚೆ ತಗಡಿನ ಬೇಲಿಯೊಳಗೆ ಏಳುತ್ತಿದ್ದ ದೊಡ್ಡ ಕಟ್ಟಡ. ಅದರ ನಡುವೆ ಗಂಡನ ಕ್ರೇನು. ಅವನಿಗೆ ಅಲ್ಲಿ ಕೆಲಸ ಸಿಕ್ಕಾಗ ಅವಳು ಎಷ್ಟು ಹಿಗ್ಗಿದ್ದಳೆಂದರೆ, ಚಿಕ್ಕಮ್ಮ, "ಗಂಡನ್ನ ಕಿಟಕಿಗೆ ನೇತುಹಾಕ್ಕೊಂಡು ಕೆಲಸ ಮಾಡೋಳು ನೀನೊಬ್ಳೇ ಕಣೆ," ಎಂದಿದ್ದಳು. ಕಂಬದ ತುದಿಯಲ್ಲಿ ಗಾಜಿನ ಪುಟ್ಟ ಕೋಣೆ, ಅದರಿಂದ ಮುಂದಕ್ಕೆ ಚಾಚಿದ ಉದ್ದನೆಯ ತೋಳು, ತೋಳಿನಿಂದ ಇಳಿಬಿದ್ದ ಉಕ್ಕಿನ ಹಗ್ಗ. ಅವನ ಮುಖ ಕಾಣುತ್ತಿರಲಿಲ್ಲ. ಆದರೆ ಆ ತೋಳು ತಿರುಗುವ ರೀತಿಯಲ್ಲೇ ಅವನ ಮನಸ್ಸು ಹೇಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಒಳ್ಳೆಯ ಕೆಲಸಗಾರ. ಮೊಸರಿನ ಗಡಿಗೆ ಇಳಿಸುವಷ್ಟು ಮೆತ್ತಗೆ ಭಾರ ಇಳಿಸುತ್ತಿದ್ದ. ಮೇಲೆ ಹತ್ತುವ ಮುಂಚೆ ಎಲ್ಲರೂ ಫೋನನ್ನು ಕೆಳಗಿನ ಪೆಟ್ಟಿಗೆಯಲ್ಲಿ ಹಾಕಬೇಕೆಂಬುದು ಅಲ್ಲಿನ ಕಟ್ಟುನಿಟ್ಟು.

ಆ ಮಧ್ಯಾಹ್ನ ಅವಳಿಗೆ ಎಲೆಗಳು ಕೇಳಿ ಬರೆಸಿಕೊಂಡಂತೆ ಬರುತ್ತಿದ್ದವು. ಒಬ್ಬರ ಹಿಂದೊಬ್ಬರು ಎದ್ದುಹೋಗಿ ಮೇಜಿನಲ್ಲಿ ಐವರು ಉಳಿದರು. ಹೆಚ್ಚು ಚಿಪ್ಸ್ ಅವಳ ಹತ್ತಿರವೇ ಇದ್ದವು. ಎದುರಿನ ಕುರ್ಚಿಯಲ್ಲಿ 'ನಿಧಾನಿ' ಎಂಬ ಹೆಸರಿನವರೊಬ್ಬರು ಶುರುವಿನಿಂದ ಎಲೆ ಎಸೆಯುತ್ತಲೇ ಕೂತಿದ್ದರು. ಈಗ ಮೊದಲ ಬಾರಿ ಪಣ ಏರಿಸಿದರು. ಏರಿಸಿದ್ದು ಇನ್ನೂರ ಐವತ್ತಮೂರು.

ಅವಳ ಬೆರಳು ಪರದೆಯ ಮೇಲೆ ಹಾಗೇ ನಿಂತಿತು. ಇನ್ನೂರ ಐವತ್ತು ಎಂದು ಒತ್ತುವವರು ಲೋಕದಲ್ಲೆಲ್ಲ ಇದ್ದಾರೆ. ಅದರ ಮೇಲೆ ಮೂರು ಸೇರಿಸುವವನು ಒಬ್ಬನೇ. "ಎದುರಿನೋನು ಈ ಮೂರು ಯಾಕೆ ಅಂತ ತಲೆ ಕೆಡಿಸ್ಕೊಳ್ಲಿ ಅಂತ," ಎಂದು ಮಂಚದ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದವನು.

ಇರಲಾರದು, ಯಾರೋ ಇನ್ನೊಬ್ಬರೂ ಹೀಗೆ ಆಡುತ್ತಿರಬಹುದು ಎಂದುಕೊಂಡಳು. ಆದರೂ ತಲೆ ಎತ್ತಿ ಕಿಟಕಿಯಾಚೆ ನೋಡಿದಳು. ಕ್ರೇನಿನ ತೋಳು ಅರ್ಧ ತಿರುಗಿ ನಿಂತಿತ್ತು. ಹಗ್ಗದ ತುದಿಯಲ್ಲಿ ಕಬ್ಬಿಣದ ಸರಳುಗಳ ದೊಡ್ಡ ಕಟ್ಟು, ನೆಲಕ್ಕೂ ಇಲ್ಲ, ಮಹಡಿಗೂ ಇಲ್ಲ, ನಡು ಆಕಾಶದಲ್ಲಿ. ಮಹಡಿಯ ಮೇಲಿದ್ದವರು ಯಾಕೆ ನಿಲ್ಲಿಸಿದ ಎಂದು ತಲೆ ಎತ್ತಿ ನೋಡುತ್ತಿದ್ದರು. ಪರದೆಯಲ್ಲಿ ಉಳಿದವರೆಲ್ಲ ಎಲೆ ಎಸೆದರು, ಇವಳೂ ಎಸೆದಳು, ಮೇಜಿನ ನಡುವಿದ್ದ ಚಿಪ್ಸ್ ನಿಧಾನಿಯ ಕಡೆಗೆ ಸರಿದವು. ಮರುಗಳಿಗೆಗೆ ಕ್ರೇನಿನ ತೋಳು ಚಲಿಸಿತು.

ಇನ್ನೊಂದು ಸುತ್ತು ನೋಡಿದಳು. ನಿಧಾನಿಯ ಸರದಿ ಬಂತು, ತೋಳು ನಿಂತಿತು. ನಿಧಾನಿ ಎಲೆ ಎಸೆದ, ತೋಳು ಹೊರಟಿತು. ಮತ್ತೊಮ್ಮೆ ಸರದಿ ಬಂದಾಗ ತೋಳು ನಿಲ್ಲಲಿಲ್ಲ, ಆಗ ಪರದೆಯಲ್ಲಿ ನಿಧಾನಿಯ ಗಡಿಯಾರ ಓಡುತ್ತಲೇ ಹೋಗಿ, ಕಟ್ಟು ಮಹಡಿಗೆ ಮುಟ್ಟಿದ ಮೇಲಷ್ಟೇ ಉತ್ತರ ಬಂತು. ಇನ್ನು ಅನುಮಾನಕ್ಕೆ ಎಳ್ಳಷ್ಟೂ ಜಾಗ ಇರಲಿಲ್ಲ. ಮಾರಿದ್ದೇನೆ ಎಂದ ಫೋನು ಗಾಜಿನ ಕೋಣೆಯಲ್ಲಿ ಎಲ್ಲೋ ಆನಿಕೊಂಡು ನಿಂತಿದೆ. ಒಂದು ಕೈ ಕ್ರೇನಿನ ಹಿಡಿಕೆಯ ಮೇಲೆ, ಇನ್ನೊಂದು ಕೈ ಆಟದ ಮೇಲೆ.

ಅವಳಿಗೆ ಮೊದಲು ಹೊಳೆದದ್ದು ಅವನಿಗೆ ಫೋನು ಮಾಡುವುದು. ಮಾಡಿದಳು. ರಿಂಗ್ ಆಗುತ್ತ ಹೋಯಿತು, ಯಾರೂ ಎತ್ತಲಿಲ್ಲ. ಅವಳಿಗೆ ಗೊತ್ತಿರುವ ಫೋನು ಕೆಳಗಿನ ಪೆಟ್ಟಿಗೆಯಲ್ಲಿ ಸಾಚಾ ಮನುಷ್ಯನ ಫೋನಿನ ಹಾಗೆ ಮಲಗಿತ್ತು. ಎದ್ದು ಹೋಗಿ ಕಟ್ಟಡದ ಮೇಸ್ತ್ರಿಗೆ ಹೇಳುವುದೇ? ಹೇಳಿದರೆ ಅವನ ಕೆಲಸ ಹೋಗುತ್ತದೆ, ಇನ್ನು ಯಾವ ಕ್ರೇನನ್ನೂ ಹತ್ತಿಸುವುದಿಲ್ಲ. ಅದೂ ಅಲ್ಲದೆ ಮೇಸ್ತ್ರಿ ರೇಡಿಯೋದಲ್ಲಿ ಗದರಿದರೆ ಬೆಚ್ಚಿಬಿದ್ದು ಹಿಡಿಕೆಯನ್ನು ಯಾವ ಕಡೆಗೆ ಎಳೆಯುತ್ತಾನೋ. ಹೀಗೆ ಯೋಚಿಸುತ್ತಿದ್ದಾಗಲೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಕೆಳಗೆ ಜನ ಓಡಾಡುತ್ತಿದ್ದಾರೆ, ತಾನು ಅವನ ಕೆಲಸದ ಚಿಂತೆ ಮಾಡುತ್ತಿದ್ದೇನೆ ಎಂದು. ಅಸಹ್ಯವಾಯಿತು, ಆದರೆ ಸ್ಟೂಲಿನಿಂದ ಏಳಲಿಲ್ಲ.

ಯಾಕೆಂದರೆ ಮೂರನೆಯ ದಾರಿಯೊಂದು ಅವಳ ಕೈಯಲ್ಲೇ ಇತ್ತು. ಅವನನ್ನು ಆಟದಿಂದ ಎಬ್ಬಿಸಿಬಿಡುವುದು. ಚಿಪ್ಸ್ ಮುಗಿದರೆ ಅವನ ಕಣ್ಣು ತಾನಾಗಿ ಕೆಲಸಕ್ಕೆ ಮರಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಮನೆಗೆ ಬರಲಿ, ಆಗ ನೋಡಿಕೊಳ್ಳುತ್ತೇನೆ ಅವನನ್ನು!

ಹೇಳುವುದು ಸುಲಭ. ಅವಳ ಎದುರಿಗಿದ್ದವನು ಅವಳ ಗುರು. ಅವನನ್ನು ಎಬ್ಬಿಸುವುದು ಕಲ್ಲಿನಿಂದ ನಾರು ತೆಗೆಯುವ ಕೆಲಸ. ಇವಳು ಇದ್ದದ್ದನ್ನೆಲ್ಲ ತಳ್ಳಿದರೆ ಅವನು ಎಲೆ ಎಸೆಯುತ್ತಾನೆ, ಅದು ಅವನದೇ ನಿಯಮ. ಆಟದಲ್ಲಿ ಅವನು ಸಾಯಬೇಕಾದರೆ ಅವನೇ ತಳ್ಳಬೇಕು, ಇವಳು ಎದುರು ನಿಲ್ಲಬೇಕು. ಅವನು ತಳ್ಳುವುದು ಚಿಪ್ಸ್ ತಳ ಕಂಡಾಗ ಮಾತ್ರ. ಹಾಗಾಗಿ ಮೊದಲು ಅವನ ತಳ ಕೆರೆಯಬೇಕು. ಎಲೆ ನೋಡುವ ಮುಂಚೆಯೇ ಸರದಿಯ ಪ್ರಕಾರ ಇಬ್ಬರು ಒಂದಷ್ಟು ಚಿಪ್ಸ್ ಕಡ್ಡಾಯವಾಗಿ ಇಡಬೇಕು, ಹೊತ್ತು ಹೋದಂತೆ ಆ ಕಡ್ಡಾಯ ಏರುತ್ತದೆ. ಅವನು ಇಟ್ಟಾಗಲೆಲ್ಲ ಇವಳು ಏರಿಸಿ ಹೆದರಿಸಿದರೆ, ಅವನು ಎಸೆಯುತ್ತಾ, ಸವೆಯುತ್ತಾ ಹೋಗುತ್ತಾನೆ. ಅದೂ ಗುಳ್ಳೆ ಬರುವುದರೊಳಗೆ ಆಗಬೇಕು. ಗುಳ್ಳೆ ಬಂದರೆ ಅವನು ಪರದೆಯಿಂದ ಕಣ್ಣೇ ಕೀಳುವುದಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಹಾಲು ಉಕ್ಕಿದ್ದು, ಬಾಗಿಲು ಬಡಿದದ್ದು, ಹೆಂಡತಿ ಅತ್ತದ್ದು ಯಾವುದೂ ಕೇಳುವುದಿಲ್ಲವೆಂಬುದನ್ನು ಅವಳು ಮನೆಯಲ್ಲೇ ಕಂಡಿದ್ದಳು.

ಅವಳು ಶುರು ಮಾಡಿದಳು. ಎಲೆ ಯಾವುದೆಂದು ನೋಡದೆಯೇ ಅವನ ಮೇಲೆ ಏರಿಸಿದಳು. ಅವನು ಎಸೆದ. ಮತ್ತೆ ಏರಿಸಿದಳು. ಎಸೆದ. ಕ್ರೇನಿನ ತೋಳು ನಿಂತು, ಹೊರಟು, ನಿಂತು, ಹೊರಟು ಆಕಾಶದಲ್ಲಿ ಕುಂಟುತ್ತಿತ್ತು. ಪ್ರತಿ ಸಲ ನಿಂತಾಗಲೂ ಸರಳಿನ ಕಟ್ಟು ಮುಂದಕ್ಕೆ ಜೋಲಿ ಹೊಡೆದು ಹಿಂದಕ್ಕೆ ಬರುತ್ತಿತ್ತು. ಅವಳ ಜೀವ ಬಾಯಿಗೆ ಬಂದು ಒಳಗೆ ಹೋಗುತ್ತಿತ್ತು.

"ಏನೇ, ಮುಖ ಯಾಕೆ ಸುಣ್ಣ ಬಳಿದ ಹಾಗಿದೆ?" ಎಂದಳು ಪಾಲಿಶ್ ಚಿಕ್ಕಮ್ಮ. ಅವಳು ಚಪ್ಪಲಿ ಮೆಟ್ಟಿಕೊಂಡು, ರಟ್ಟಿನ ಡಬ್ಬಿಯೊಂದನ್ನು ಹಿಡಿದು ನಿಂತಿದ್ದಳು. "ಎದುರಿನ ಡಾಕ್ಟ್ರಿಗೆ ಈ ಸೆಟ್ ಕೊಟ್ಟು ಬರ್ತೀನಿ. ಯಾರೋ ಮುದುಕರು ಮದುವಣಿಗನ ಹಾಗೆ ಕಾಯ್ತಾ ಕೂತಿದ್ದಾರಂತೆ."

"ಹೂಂ," ಎಂದಳು ಮೇಣದಕ್ಕ, ಕಣ್ಣು ಎತ್ತದೆ.

ಕಣ್ಣು ಎತ್ತಿದ್ದರೆ, ಕಿವಿಗೊಟ್ಟಿದ್ದರೆ, ಆಗಲೇ ತಡೆಯುತ್ತಿದ್ದಳು. ಎದುರಿನ ಡಾಕ್ಟ್ರ ದವಾಖಾನೆಗೆ ಹೋಗಬೇಕಾದರೆ ರಸ್ತೆ ದಾಟಿ ಆ ತಗಡಿನ ಬೇಲಿಯ ಉದ್ದಕ್ಕೂ ನಡೆಯಬೇಕು. ಆದರೆ ಅದೇ ಗಳಿಗೆಯಲ್ಲಿ ಮೇಜಿನ ಇನ್ನಿಬ್ಬರು ಒಬ್ಬರ ಮೇಲೊಬ್ಬರು ಬಿದ್ದು, ಅವರಲ್ಲೊಬ್ಬ ಎದ್ದುಹೋದ. ನಾಲ್ವರು ಉಳಿದರು. ಅವಳು ಯಾವುದಕ್ಕೆ ಹೆದರಿದ್ದಳೋ ಅದೇ ಬಂತು. ಗುಳ್ಳೆ.

ಕ್ರೇನು ಹೊಸ ಕಟ್ಟೊಂದನ್ನು ಎತ್ತಿಕೊಂಡು, ಬೇಲಿಯ ಅಂಚಿನ ಹತ್ತಿರ ನಿಂತೇಬಿಟ್ಟಿತು. ಚಲಿಸಲೇ ಇಲ್ಲ. ಕೆಳಗೆ ಕೆಂಪು ಟೋಪಿಯ ಸನ್ನೆಗಾರ ಮೇಲೆ ನೋಡುತ್ತ ಎರಡೂ ಕೈ ಬೀಸುತ್ತಿದ್ದ. ಬೇಗ ತಳ್ಳೋ, ತಳ್ಳಿ ಸಾಯೋ, ಎಂದು ಅವಳು ಗೊಣಗಿದಳು. ಕಟ್ಟಿಕೊಂಡ ಗಂಡನಿಗೆ ಹೇಳುವ ಮಾತಲ್ಲ, ಆದರೆ ಆ ಹೊತ್ತಿಗೆ ಅದಕ್ಕಿಂತ ಪ್ರೀತಿಯ ಮಾತು ಅವಳ ಬಾಯಲ್ಲಿ ಇರಲಿಲ್ಲ.

ನಿಧಾನಿ ತಳ್ಳಿದ. ಉಳಿದದ್ದೆಲ್ಲವನ್ನೂ ಮೇಜಿನ ನಡುವೆ ಇಟ್ಟ. ಇಬ್ಬರು ಎಲೆ ಎಸೆದರು. ಸರದಿ ಇವಳದು.

ಆಗ ಅವಳು ತನ್ನ ಎಲೆ ನೋಡಿದಳು. ಏಳು ಮತ್ತು ಎರಡು, ಅದೂ ಬೇರೆ ಬೇರೆ ಬಣ್ಣದವು. ಈ ಆಟದಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲ. ಅವನ ಪಾಠದ ಮೊದಲ ದಿನದ ಮೊದಲ ಮಾತೇ ಅದು: ಏಳು-ಎರಡು ಬಂದರೆ ಮುಖ ತೊಳೆದುಕೊಂಡು ಬಾ. ಎಸೆದರೆ ಅವನು ಬದುಕುತ್ತಾನೆ, ಇನ್ನಷ್ಟು ಹೊತ್ತು ಆಡುತ್ತಾನೆ. ಇವಳ ಹತ್ತಿರ ಬೆಟ್ಟದಷ್ಟು ಚಿಪ್ಸ್ ಇದ್ದವು, ಕಳೆದುಕೊಂಡರೂ ಏನೂ ಆಗುತ್ತಿರಲಿಲ್ಲ. ಅವಳು ಒತ್ತಿದಳು.

ಎಲೆಗಳು ಮಗುಚಿಕೊಂಡವು. ಅವನದು ಎರಡು ರಾಣಿ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬೀಳಬೇಕು. ಮೊದಲ ಮೂರರಲ್ಲಿ ಒಂದು ಏಳು ಬಂತು. ಸಾಲದು. ನಾಲ್ಕನೆಯದು ಒಂಬತ್ತು, ಉಪಯೋಗವಿಲ್ಲ. ಅವಳು ಜೀವನದಲ್ಲಿ ಬೇರೆ ಯಾವುದಕ್ಕೂ ಹೀಗೆ ಬೇಡಿಕೊಂಡಿರಲಿಲ್ಲ. ಕೊನೆಯ ಎಲೆ ಬಿತ್ತು. ಎರಡು.

ಏಳರ ಜೋಡಿ, ಎರಡರ ಜೋಡಿ. ರಾಣಿಯರು ಸೋತರು. ನಿಧಾನಿ ನಾಲ್ಕನೇ ಸ್ಥಾನದಲ್ಲಿ ಆಟದಿಂದ ಹೊರಬಿದ್ದ.

ಅಬ್ಬಾ ಎಂದು ಅವಳು ಗೋಡೆಗೆ ಒರಗಿದಳು. ಪರದೆಯ ಮೂಲೆಯಲ್ಲಿ ಮಾತಾಡುವ ಪುಟ್ಟ ಚೌಕವೊಂದಿದೆ, ಅಲ್ಲಿ ಅಕ್ಷರಗಳು ಮೂಡಿದವು. ನಿಧಾನಿ ಹೋಗುವ ಮುಂಚೆ ಒಂದು ಮಾತು ಬರೆದಿದ್ದ: "ನಿನ್ನ ಮನೆ ಹಾಳಾಗ."

ಯಾರ ಮನೆಗೆ ಶಾಪ ಹಾಕುತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಆ ಕ್ಷಣದಲ್ಲೇ ಇನ್ನೊಂದೂ ಹೊಳೆಯಿತು. ಗುಳ್ಳೆಯ ಹೊತ್ತಿನಲ್ಲಿ, ಏಳು-ಎರಡು ಹಿಡಿದವರ ಕೈಯಲ್ಲಿ, ಕೊನೆಯ ಎಲೆಗೆ ಸೋತಿದ್ದಾನೆ. ರಿಮೋಟನ್ನು ಗೋಡೆಗೆ ಎಸೆದ ದಿನ ಇದರ ಕಾಲುಭಾಗವೂ ಆಗಿರಲಿಲ್ಲ. ಇವತ್ತು ಅವನ ಕೈಯಲ್ಲಿರುವುದು ರಿಮೋಟಲ್ಲ.

ಅವಳು ಸ್ಟೂಲಿನಿಂದ ಎದ್ದು ಕಿಟಕಿಗೆ ಮುಖ ಒತ್ತಿದಳು. ತೋಳು ಎಂದೂ ಇಲ್ಲದ ವೇಗದಲ್ಲಿ ತಿರುಗುತ್ತಿತ್ತು. ಬೇಲಿಯೊಳಗಿನ ದಾರಿ ಬಿಟ್ಟು, ರಸ್ತೆಯ ಮೇಲಿಂದ ಅಡ್ಡ ಕತ್ತರಿಸಿಕೊಂಡು ಬಂತು. ಸರಳಿನ ಕಟ್ಟು ಹಿಂದುಳಿದು, ಆಮೇಲೆ ಒಮ್ಮೆಲೇ ಮುಂದಕ್ಕೆ ಬೀಸಿ, ಮಹಡಿಯ ಮೂಲೆಯಲ್ಲಿದ್ದ ಸಾರುವೆಗೆ ತಾಗಿತು. ಸದ್ದು ಆಮೇಲೆ ಕೇಳಿಸಿತು. ಸಾರುವೆಯ ಹಲಗೆಯೊಂದು ಕಿತ್ತುಬಂದು, ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತ, ಬೇಲಿಯಾಚೆಗೆ ಬಿತ್ತು. ಬಿದ್ದಲ್ಲಿಂದ ಎರಡು ಮಾರು ದೂರದಲ್ಲಿ ಪಾಲಿಶ್ ಚಿಕ್ಕಮ್ಮ ರಟ್ಟಿನ ಡಬ್ಬಿ ಹಿಡಿದು ನಿಂತಿದ್ದಳು.

ಮೇಣದಕ್ಕ ಕಿರುಚಿದಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಫೋನು ಸ್ಟೂಲಿನ ಮೇಲೇ ಉಳಿಯಿತು. ಮೆಟ್ಟಿಲು ಹೇಗೆ ಇಳಿದಳು, ರಸ್ತೆ ಹೇಗೆ ದಾಟಿದಳು ಎಂಬುದೂ ನೆನಪಿಲ್ಲ. ಚಿಕ್ಕಮ್ಮ ಕಾಲುದಾರಿಯ ಅಂಚಿನಲ್ಲಿ ಕುಸಿದು ಕೂತಿದ್ದಳು. ಸದಾ ಹರಿಯುವ ಆ ಬಾಯಿ ಸುಮ್ಮನೆ ತೆರೆದಿತ್ತು. ಇವಳನ್ನು ಕಂಡು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು.

"ನೋಡೇ, ಹಲ್ಲಿಗೆ ಏನೂ ಆಗಿಲ್ಲ," ಎಂದಳು. ಎಂದು ಹೋ ಎಂದು ಅತ್ತುಬಿಟ್ಟಳು.

ಮೇಣದಕ್ಕ ಅವಳ ತಲೆ, ಹೆಗಲು, ಕೈ ಎಲ್ಲ ಮುಟ್ಟಿ ನೋಡಿದಳು. ಒಂದು ಗೀರೂ ಇರಲಿಲ್ಲ. ನನ್ನ ಕೈಯಿಂದಲೇ ಸಾಯುತ್ತಿದ್ದಳು ಇವಳು, ಎಂದುಕೊಂಡಳು. ಅವನಿಗೆ ಸಿಟ್ಟು ಬರುವ ಹಾಗೆ ಸೋಲಿಸಿದ್ದು ನಾನು. ಎದ್ದು ಹೋಗಿ ಹೇಳುವ ಬದಲು ಆಡುತ್ತ ಕೂತದ್ದು ನಾನು.

ಗೇಟಿನಿಂದ ಮೇಸ್ತ್ರಿ ಓಡಿ ಬಂದ. ಹಳದಿ ಕೋಟಿನ ದಪ್ಪ ಮನುಷ್ಯ, ಅವನ ಮುಖವೂ ಬಿಳಿಚಿಕೊಂಡಿತ್ತು.

"ಯಾರಿಗೂ ಏನೂ ಆಗಿಲ್ಲ ತಾನೆ? ನೀರು ಕುಡೀರಿ ತಾಯಿ, ನೀರು ಕುಡೀರಿ. ಗಾಳಿ ಹೊಡೀತಂತೆ ಮೇಲೆ. ಆಪರೇಟರ್ ರೇಡಿಯೋದಲ್ಲಿ ಹೇಳ್ದ, ಇದ್ದಕ್ಕಿದ್ದ ಹಾಗೆ ಗಾಳಿ ಎಳ್ಕೊಂಡು ಹೋಯ್ತು ಅಂತ."

ಮೇಣದಕ್ಕ ತಲೆ ಎತ್ತಿದಳು. ಕಟ್ಟಡಕ್ಕೆ ಹೊದಿಸಿದ್ದ ಹಸಿರು ಬಲೆ ಒಂದಿಷ್ಟೂ ಅಲುಗದೆ ಇಳಿಬಿದ್ದಿತ್ತು. ಗಾಳಿ ಎಂದರೆ ಗಾಳಿ. ಮೇಸ್ತ್ರಿಗೂ ಅದೇ ಬೇಕಿತ್ತು, ಗಾಳಿಯನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಅವಳು ಬಾಯಿ ಮುಚ್ಚಿಕೊಂಡರೆ ಸಂಜೆಗೆ ಎಲ್ಲವೂ ಹೊಟ್ಟೆಗೆ ಹಾಕಿಕೊಂಡ ಮಾತಾಗುತ್ತಿತ್ತು. ಮನೆಯಲ್ಲಿ ಜಗಳವಾಡಬಹುದು, ಆ ಫೋನನ್ನು ಒಡೆಯಬಹುದು, ಇನ್ನೊಂದು ಆಣೆ ಹಾಕಿಸಬಹುದು. ಹಾಗೇ ಮಾಡೋಣ ಎಂದು ಅರ್ಧ ಮನಸ್ಸು ಆಗಲೇ ಒಪ್ಪಿಯೂ ಬಿಟ್ಟಿತ್ತು.

ಮೇಲೆ ತೋಳು ಸಾರುವೆಯಿಂದ ಹಿಂದೆ ಸರಿದು, ಕಟ್ಟನ್ನು ಹೊತ್ತು ನಿಧಾನವಾಗಿ ತಿರುಗುತ್ತಿತ್ತು. ಕಾರಣವೇ ಇಲ್ಲದೆ ನಿಂತಿತು. ಸ್ವಲ್ಪ ಹೊತ್ತಿಗೆ ಹೊರಟಿತು. ಮತ್ತೆ ನಿಂತಿತು.

ಅವನು ಹೊಸ ಮೇಜಿನಲ್ಲಿ ಕೂತಿದ್ದ.

ಅವಳಿಗೆ ಮೈಮೇಲೆ ಹಲ್ಲಿ ಬಿದ್ದಂತಾಯಿತು. ಕೆಳಗೆ ಒಬ್ಬ ಹೆಂಗಸು ಸಾಯುವುದರಲ್ಲಿದ್ದಳು, ಇವನು ಇನ್ನೊಮ್ಮೆ ಎಂಟು ಜನರ ಜೊತೆ ಎಲೆ ಹಂಚಿಸಿಕೊಂಡು ಕೂತಿದ್ದಾನೆ. ಇವತ್ತು ಎಬ್ಬಿಸಿದರೆ ನಾಳೆ ಕೂರುತ್ತಾನೆ. ತಾನು ಯಾವ ಯಾವ ಮೇಜಿನಲ್ಲಿ ಅವನ ಎದುರು ಕೂತು ಕಾಯಲಿ?

"ಗಾಳಿ ಅಲ್ಲ," ಎಂದಳು.

"ಏನಮ್ಮ?"

"ಗಾಳಿ ಅಲ್ಲ ಮೇಸ್ತ್ರಿಗಳೇ. ಮೇಲೆ ಅವರ ಹತ್ರ ಫೋನಿದೆ. ಆಡ್ತಾ ಇದ್ದಾರೆ."

ಮೇಸ್ತ್ರಿ ಅವಳ ಬಿಳಿ ಅಂಗಿ, ಬೆರಳಿಗೆ ಮೆತ್ತಿದ ಮೇಣ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದ. "ಫೋನೆಲ್ಲ ಪೆಟ್ಟಿಗೆಯಲ್ಲಿದೆ, ನಾನೇ ಬೀಗ ಹಾಕ್ದೋನು. ನೀವ್ಯಾರು? ನಿಮಗೆ ಹೇಗೆ ಗೊತ್ತು?"

"ಅವರ ಹೆಂಡತಿ. ಅವರ ಹತ್ರ ಎರಡು ಫೋನಿದೆ." ಮುಂದಿನ ಮಾತು ಹೇಳಲೇಬೇಕಿತ್ತು, ಇಲ್ಲದಿದ್ದರೆ ಅವನು ನಂಬುತ್ತಿರಲಿಲ್ಲ. "ಅದೇ ಮೇಜಲ್ಲಿ ನಾನೂ ಆಡ್ತಾ ಇದ್ದೆ. ಈಗ ತಾನೆ ಅವರನ್ನ ಸೋಲಿಸ್ದೆ. ಆ ಸಿಟ್ಟಿಗೆ ಹೀಗೆ ತಿರುಗ್ಸಿದ್ರು."

ಚಿಕ್ಕಮ್ಮ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. ಆ ನೋಟವನ್ನು ಮೇಣದಕ್ಕ ಎದುರಿಸಲಿಲ್ಲ.

ಮೇಸ್ತ್ರಿಯ ಕೈ ರೇಡಿಯೋಗೆ ಹೋಯಿತು. ಅವಳು ಆ ಕೈಯನ್ನೇ ಹಿಡಿದುಬಿಟ್ಟಳು, ಗುರುತು ಪರಿಚಯವಿಲ್ಲದ ಗಂಡಸಿನ ಕೈಯನ್ನು.

"ಈಗ್ಲೇ ಬೈಬೇಡಿ. ಭಾರ ಮೇಲಿದೆ. ಮೊದ್ಲು ಅದನ್ನ ಇಳಿಸೋಕೆ ಹೇಳಿ, ಮೆತ್ತಗೆ ಹೇಳಿ. ಇಳಿಸಿದ್ಮೇಲೆ ಊಟಕ್ಕೆ ಬಾ ಅನ್ನಿ."

ಮೇಸ್ತ್ರಿ ಅವಳನ್ನು ನೋಡಿದ, ಮೇಲೆ ನೋಡಿದ. ಆಮೇಲೆ ಮಗುವಿನ ಜೊತೆ ಮಾತಾಡುವಂತೆ ರೇಡಿಯೋದಲ್ಲಿ ಹೇಳಿದ. ತೋಳು ಮತ್ತೊಮ್ಮೆ ನಿಂತಿತು. ಉತ್ತರ ಬರುವ ತನಕ ಮೂವರೂ ಮೇಲೆಯೇ ನೋಡುತ್ತಿದ್ದರು. ಕಟ್ಟು ಇಳಿಯತೊಡಗಿತು. ಇಳಿದು, ಬೇಲಿಯೊಳಗೆ ಮರದ ದಿಮ್ಮಿಗಳ ಮೇಲೆ ಕೂತು, ಕೊಕ್ಕೆ ಕಳಚಿದ ಮೇಲೆ ಅವಳು ಮೇಸ್ತ್ರಿಯ ಹಿಂದೆ ಗೇಟಿನೊಳಗೆ ನಡೆದಳು. ಗೇಟಿನ ಕಾವಲುಗಾರ ತನ್ನ ಕುರ್ಚಿ ಕೊಟ್ಟ, ಅವಳು ಕೂರಲಿಲ್ಲ.

ಕಂಬದ ಒಳಗಿನ ಏಣಿಯಲ್ಲಿ ಗಂಡ ಇಳಿದು ಬರುವುದಕ್ಕೆ ತುಂಬ ಹೊತ್ತು ಹಿಡಿಯಿತು. ಕೊನೆಯ ಮೆಟ್ಟಿಲಿನಿಂದ ನೆಲಕ್ಕೆ ಹಾರಿ ತಿರುಗಿದಾಗ, ಮೇಸ್ತ್ರಿಯ ಪಕ್ಕದಲ್ಲಿ ಹೆಂಡತಿಯನ್ನು ಕಂಡು ಅವನ ಮುಖ ಹೆಪ್ಪುಗಟ್ಟಿತು. ಮೇಸ್ತ್ರಿ ಕೈ ಚಾಚಿದ. ಗಂಡ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಸಾಕ್ಸಿನೊಳಗಿಂದ ಗಾಜು ಸೀಳಿದ ಆ ಫೋನು ತೆಗೆದುಕೊಟ್ಟ. ಮೇಸ್ತ್ರಿ ಅದನ್ನು ಹಿಡಿದುಕೊಂಡು ಯಾರಿಗೋ ಕರೆ ಮಾಡಲು ಆಚೆ ಹೋದ. ಇಬ್ಬರು ಕೆಲಸಗಾರರು ಮುರಿದ ಹಲಗೆಯನ್ನು ಹೊತ್ತು ಅವರ ಪಕ್ಕದಿಂದಲೇ ಹಾದುಹೋದರು. ಗಂಡ ಅವರಿಗೆ ದಾರಿ ಬಿಟ್ಟು ಸರಿದು ನಿಂತ.

"ಯಾರು ಹೇಳಿದ್ದು ಇವರಿಗೆ?" ಎಂದು ಕೇಳಿದ.

"ನಾನು."

"ನಿಂಗೆ ಹೇಗೆ..." ಎಂದವನು ಅರ್ಧಕ್ಕೆ ನಿಲ್ಲಿಸಿದ. ಅವನ ಕಣ್ಣು ಕಿರಿದಾದವು, ಲೆಕ್ಕ ಹಾಕುವಾಗ ಆಗುವ ಹಾಗೆ. "ಆ ಏಳು-ಎರಡು... ನೀನಾ?"

ಅವಳು ತಲೆಯಾಡಿಸಿದಳು. ಈಗ ಬೈಯುತ್ತಾನೆ ಎಂದುಕೊಂಡಳು. ಅಥವಾ ಅಳುತ್ತಾನೆ, ಅಥವಾ ಯಾರಿಗೆ ಏನಾಯಿತು ಎಂದು ಕೇಳುತ್ತಾನೆ. ಬೈದರೂ ಸರಿ ಎಂದು ಕಾದಳು.

"ಆಮೇಲೆ? ಗೆದ್ಯಾ?" ಎಂದ ಅವನು.

"ಏನು?"

"ಆಟ. ನೀನು ಎಷ್ಟನೇದಾಗಿ ಬಂದೆ?"

"ಗೊತ್ತಿಲ್ಲ. ಬಿಟ್ಟು ಓಡಿ ಬಂದೆ."

"ಬಿಟ್ಟು ಬಂದ್ಯಾ!" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗಾಗಿ ನಿಜವಾದ ಸಂಕಟವಿತ್ತು. "ಅಷ್ಟೊಂದು ಚಿಪ್ಸ್ ಇಟ್ಕೊಂಡು ಯಾರಾದ್ರೂ ಏಳ್ತಾರೇನೇ? ಸುಮ್ನೆ ಕೂತಿದ್ರೂ ಎರಡನೇ ಸ್ಥಾನ ನಿಂದೇ ಆಗಿತ್ತು."

ಅವಳು ಅವನ ಮುಖ ನೋಡಿದಳು. ಪಾಠ ಹೇಳುವಾಗ ಇರುತ್ತಿದ್ದ ಅದೇ ಮುಖ. ಬೇಲಿಯಾಚೆ ಚಿಕ್ಕಮ್ಮ ಬಿಕ್ಕುವುದು ಅಲ್ಲಿಗೂ ಕೇಳುತ್ತಿತ್ತು, ಅವನಿಗೆ ಕೇಳುತ್ತಿರಲಿಲ್ಲ. ಇಷ್ಟು ಹೊತ್ತು ಅವನು ಮೇಲಿದ್ದಾನೆ ಎಂದು ಅವಳು ಹೆದರಿದ್ದಳು. ಈಗ ಅವನು ಕೆಳಗಿದ್ದ, ಕೈಗೆಟಕುವಷ್ಟು ಹತ್ತಿರದಲ್ಲಿ, ಖಾಲಿ ಕೈಯಲ್ಲಿ. ಹೆದರಿಕೆ ಹೋಗಿರಲಿಲ್ಲ.

"ನಡಿ, ಮನೆಗೆ ಹೋಗೋಣ," ಎಂದ ಅವನು. ಅವಳು ಅವನ ಜೊತೆ ಹೆಜ್ಜೆ ಹಾಕಲಾರದೆ ಅಲ್ಲೇ ನಿಂತಳು.